ಬೆಡಿ, ಹಿತ್ತಾಳೆ ಮತ್ತು ನಮ್ಮ ಹುಡುಗರು

ಕುಂಬಳೆ ಬೆಡಿ ಎಂದರೆ ಏನೆಂದು ನಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ್ದಿಲ್ಲ. ಮಕರ ಸಂಕ್ರಮಣದ ಆಸುಪಾಸಿನಲ್ಲಿ ಕಣಿಪುರ ಶ್ರೀ ಗೋಪಾಲಕೃಷ್ಣ ದೇವರ ಜಾತ್ರೆ ಬಂತೆಂದರೆ ದೂರದ ಊರುಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ಕೂಡ ರಜೆ ಹಾಕಿ ಊರಿಗೆ ಬರುತ್ತಾರೆ. ದೇವರನ್ನು ನೋಡಲು ಬಂದವರೆಷ್ಟು, ಬೆಡಿ ನೋಡಲು ಬಂದವರೆಷ್ಟು ಎಂದು ಲೆಕ್ಕ ಹಾಕುವ ಧೈರ್ಯ ಯಾರಿಗೂ ಇದ್ದಂತಿಲ್ಲ. ಭಾಷೆಯ ಬಗ್ಗೆ ಈ ಜಿಲ್ಲೆಯಲ್ಲಿ ಎಷ್ಟೇ ತಕರಾರಿದ್ದರೂ ಈ ಒಂದು ವಿಷಯದಲ್ಲಿ ಭೇದವಿಲ್ಲ. ನಾವು ಬೆಡಿ ಎನ್ನುತ್ತೇವೆ, ಮಲಯಾಳದವರು ವೆಡಿ ಎನ್ನುತ್ತಾರೆ. ನಮ್ಮ ಬೆಲ್ಲ ಅವರಿಗೆ ವೆಲ್ಲವಾದ ಹಾಗೆ. ತುಳುವಿನಲ್ಲಿ ಕೋವಿಗೇ ಬೆಡಿ ಎಂದು ಹೆಸರು. ಮದ್ದು ಎಂಬ ಶಬ್ದದ ಕಥೆಯೂ ಹೀಗೆಯೇ. ಜ್ವರಕ್ಕೂ ಮದ್ದು, ಅಡಿಕೆ ಮರಕ್ಕೂ ಮದ್ದು, ಕದಿನಕ್ಕೂ ಮದ್ದು. ಮಲಯಾಳದಲ್ಲಿಯೂ ಮರುನ್ನ್ ಎಂಬ ಒಂದೇ ಶಬ್ದ ಔಷಧಿಗೂ ಆಗುತ್ತದೆ, ಸಿಡಿಯುವುದಕ್ಕೂ ಆಗುತ್ತದೆ. ಶಬ್ದ ಒಂದೇ ಆದ ಕಾರಣಕ್ಕೋ ಏನೋ, ಎರಡನ್ನೂ ನಾವು ಒಂದೇ ರೀತಿಯ ಸಲಿಗೆಯಿಂದ ಮುಟ್ಟುತ್ತೇವೆ.

ಆಕಾಶದಲ್ಲಿ ಬಿರಿದ ಬಣ್ಣದ ಬಗ್ಗೆ ನಾವು ಮರುದಿನ ಚಹಾದಂಗಡಿಯಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವೆ. ಆದರೆ ಆ ಮದ್ದನ್ನು ಯಾರು ಜಡಿದರು, ಯಾವ ಕೋಲಿನಿಂದ ಜಡಿದರು, ಆ ಕೋಲು ಯಾವ ಲೋಹದ್ದು ಎಂದು ಕೇಳುವವರಿಲ್ಲ. ಈ ಲೇಖನ ಆ ಕೋಲಿನ ಬಗ್ಗೆ. ವಿಷಯ ಕ್ಷುಲ್ಲಕವೆಂದು ತೋರಬಹುದು. ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ವಿನಂತಿ.

ಈಚೆಗೆ ಹತ್ತನೆಯ ತರಗತಿಯ ಒಬ್ಬ ಹುಡುಗ, ಪಾಠದಲ್ಲಿ ಹಿಂದೆ, ಕೈಕೆಲಸದಲ್ಲಿ ಬಹಳ ಮುಂದೆ ಇರುವವನು, ವರಾಂಡದಲ್ಲಿ ನನ್ನನ್ನು ತಡೆದು ಕೇಳಿದ: "ಮಾಷ್ಟ್ರೇ, ಅಮೆರಿಕದಲ್ಲಿ ಜನ ಮನೆಯ ಶೆಡ್ಡಿನಲ್ಲೇ ಬೆಡಿ ಮಾಡ್ತಾರಂತೆ. ಅದಕ್ಕೆ ಬೇಕಾದ ಸಾಮಾನು ಕೂಡ ಅವರೇ ಲೇತಿನಲ್ಲಿ ಕಡಿದುಕೊಳ್ತಾರಂತೆ. ನಾವು ಮಾಡಿದ್ರೆ ಎಂತ ತಪ್ಪು?" ಫೋನಿನಲ್ಲಿ ನೋಡಿದ್ದಾನೆ ಎಂಬುದು ಸ್ಪಷ್ಟ. ಗದರಿಸಿ ಕಳುಹಿಸುವುದು ಸುಲಭವಿತ್ತು. ಆದರೆ ಅವನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಒಂದಕ್ಕೆ ಉತ್ತರ ಖಡಾಖಂಡಿತ ಕೂಡದು ಎಂದು. ಇನ್ನೊಂದಕ್ಕೆ ಉತ್ತರ ಖಂಡಿತವಾಗಿಯೂ ಮಾಡು ಎಂದು. ನಮ್ಮ ಹಿರಿಯರೂ ದೇವಸ್ಥಾನದ ಸಮಿತಿಯವರೂ ಇವೆರಡನ್ನು ಕಲಸಿಬಿಟ್ಟಿದ್ದಾರೆ ಎಂಬುದೇ ನನ್ನ ಆಕ್ಷೇಪ.

ಹುಡುಗ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಬಾಣಬಿರುಸು ತಯಾರಿಸುವುದನ್ನು ಹವ್ಯಾಸವಾಗಿ ಇಟ್ಟುಕೊಂಡ ಜನರಿದ್ದಾರೆ. ಅವರದೊಂದು ಸಂಘ, ಪೈರೋಟೆಕ್ನಿಕ್ಸ್ ಗಿಲ್ಡ್ ಇಂಟರ್‌ನ್ಯಾಷನಲ್, 1969ರಲ್ಲಿ ಸ್ಥಾಪನೆಯಾಯಿತು. ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತದೆ. ಅಂಥವರಲ್ಲಿ ಅನೇಕರ ಮನೆಯ ಹಿಂದೆ ಒಂದು ಸಣ್ಣ ಲೇತು ಇರುತ್ತದೆ. ಮದ್ದು ಜಡಿಯುವ ಕೋಲು, ಬಾಣದ ಒಳಗೆ ಪೊಳ್ಳು ಉಳಿಯುವಂತೆ ನಿಲ್ಲಿಸುವ ಚೂಪಾದ ಕಡ್ಡಿ, ಅದನ್ನು ಹಿಡಿದಿಡುವ ಪೀಠ ಇವನ್ನೆಲ್ಲ ಹಿತ್ತಾಳೆಯಲ್ಲಿಯೋ ಅಲ್ಯೂಮಿನಿಯಮ್ಮಿನಲ್ಲಿಯೋ ತಾವೇ ಕಡೆದುಕೊಳ್ಳುತ್ತಾರೆ. ಕೆಲವರು ಕೊನೆಗೆ ಬಾಣ ಹಾರಿಸುವುದಕ್ಕಿಂತ ಈ ಸಾಮಾನು ಮಾಡುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತಾರೆ. ಇದು ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿತು. ಸಂಗೀತ ಕಲಿಯಲು ಹೋದವನು ವೀಣೆ ಮಾಡುವ ಆಚಾರಿಯ ಮನೆಯಲ್ಲಿ ಉಳಿದುಬಿಟ್ಟ ಹಾಗೆ.

ಅಲ್ಲಿನ ಕಾನೂನು ಅಲ್ಲಿಗೆ. ನಮ್ಮ ದೇಶದಲ್ಲಿ ಹವ್ಯಾಸಕ್ಕೆ ಮದ್ದು ಅರೆಯುವುದೆಂಬ ಬಾಬತ್ತೇ ಇಲ್ಲ. 1884ರ ಸ್ಫೋಟಕ ಕಾಯಿದೆ, ಅದರ ಅಡಿಯಲ್ಲಿ ಮಾಡಿದ 2008ರ ನಿಯಮಗಳು ಇವುಗಳ ಪ್ರಕಾರ ಪರವಾನಗಿ ಇಲ್ಲದೆ ಒಂದು ಗೆರಟೆಯಷ್ಟು ಮದ್ದು ತಯಾರಿಸಿದರೂ ಅಪರಾಧವೇ. ಒಂದು ಬಾರಿಗೆ 15 ಕಿಲೋ ಮೀರದ ತಯಾರಿಗೆ ಜಿಲ್ಲಾ ದಂಡಾಧಿಕಾರಿಗಳು ಪರವಾನಗಿ ಕೊಡಬಹುದು. ಅದಕ್ಕಿಂತ ಹೆಚ್ಚಿನದು ನಾಗಪುರದಲ್ಲಿ ಮುಖ್ಯ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷಾ ಸಂಸ್ಥೆಯ ವಶ. ಗಂಧಕವನ್ನು ಕ್ಲೋರೇಟಿನೊಂದಿಗೆ ಬೆರಸುವುದನ್ನಂತೂ 1992ರಲ್ಲಿಯೇ ಕೇಂದ್ರ ಸರಕಾರ ಸಂಪೂರ್ಣ ನಿಷೇಧಿಸಿದೆ. ಅದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಆ ಮಿಶ್ರಣ ಬೆಂಕಿಯನ್ನು ಕಾಯುವುದಿಲ್ಲ, ಉಜ್ಜಿದರೆ ಸಾಕು. ಆದುದರಿಂದ ಹುಡುಗನ ಮೊದಲನೆಯ ಪ್ರಶ್ನೆಗೆ ಉತ್ತರದಲ್ಲಿ ಚೌಕಾಸಿಯಿಲ್ಲ. ಮದ್ದು ಕೂಡದು.

ಆದರೆ ಹಿತ್ತಾಳೆಯ ಸರಳಿಗೆ ಯಾವ ಪರವಾನಗಿಯೂ ಬೇಡ. ಅದನ್ನು ಕಡೆಯುವುದಕ್ಕೂ ಬೇಡ. ಕಡೆದ ಕೋಲನ್ನು ಪರವಾನಗಿ ಇರುವ ಬೆಡಿಯವನಿಗೆ ಕೊಡುವುದಕ್ಕೂ ಬೇಡ.

ಏಕೆ ಹಿತ್ತಾಳೆ ಎಂಬುದನ್ನು ಮೊದಲು ಹೇಳಬೇಕು. ಯಾವುದಾದರೂ ವರ್ಕ್‌ಶಾಪಿನಲ್ಲಿ ಸಾಣೆಚಕ್ರಕ್ಕೆ ಉಕ್ಕಿನ ತುಂಡನ್ನು ಒತ್ತಿದಾಗ ಕಿಡಿಗಳ ಮಳೆ ಸುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಆ ಕಿಡಿ ಎಂದರೆ ಚಕ್ರದಿಂದ ಹಾರುವ ಬೆಂಕಿಯಲ್ಲ. ಉಕ್ಕಿನಿಂದ ಕೆರೆದು ಬಂದ ಅತಿ ಸಣ್ಣ ಚೂರು ಗಾಳಿಯಲ್ಲಿ ತಾನೇ ಹೊತ್ತಿ ಉರಿಯುತ್ತದೆ. ಹಿತ್ತಾಳೆಯನ್ನು ಒತ್ತಿದರೆ ಕಿಡಿ ಬರುವುದಿಲ್ಲ. ಅದರ ಚೂರು ಹಾಗೆ ಉರಿಯುವ ಜಾತಿಯದಲ್ಲ. ಈ ಪ್ರಯೋಗವನ್ನು ತೋರಿಸಿ ಎಂದು ಅಂಗಡಿಯವನನ್ನು ಕೇಳಿದರೆ ಅವನು ಬೈಯುತ್ತಾನೆ, ಏಕೆಂದರೆ ಮೆದು ಲೋಹ ಸಾಣೆಚಕ್ರದ ಕಣ್ಣುಗಳಲ್ಲಿ ಕಟ್ಟಿಕೊಂಡು ಚಕ್ರ ಕೆಡುತ್ತದೆ. ಆ ಬೈಗುಳವೂ ಒಂದು ಪಾಠವೇ. ಹಿಂದೆ ಚಕಮಕಿ ಕಲ್ಲಿನಿಂದ ಬೆಂಕಿ ಹೊತ್ತಿಸುತ್ತಿದ್ದ ಅಜ್ಜಂದಿರು ಉಕ್ಕಿನ ತುಂಡನ್ನೇ ಇಟ್ಟುಕೊಳ್ಳುತ್ತಿದ್ದರು, ಹಿತ್ತಾಳೆಯದನ್ನಲ್ಲ. ಬೆಂಕಿ ಬೇಕಾದಾಗ ಉಕ್ಕು, ಬೇಡವಾದಾಗ ಹಿತ್ತಾಳೆ. 1875ರ ಬ್ರಿಟಿಷ್ ಸ್ಫೋಟಕ ಕಾನೂನಿನಲ್ಲಿಯೇ, ಮದ್ದಿನ ಕೊಠಡಿಯಲ್ಲಿ ಬಳಸುವ ಉಪಕರಣಗಳು ಮರ, ತಾಮ್ರ, ಹಿತ್ತಾಳೆ ಅಥವಾ ಬೇರೆ ಮೆದು ಪದಾರ್ಥದ್ದೇ ಆಗಿರತಕ್ಕದ್ದು ಎಂದು ವಿಧಿಸಿದ್ದರು. ನಮ್ಮ ದೇಶದ ನಿಯಮಗಳ ಹಿಂದಿರುವ ತತ್ತ್ವವೂ ಇದೇ.

ಮದ್ದಿಗೆ ತಕ್ಕ ಲೋಹ ಆರಿಸಬೇಕು ಎಂಬುದು ನಮ್ಮ ಕೃಷಿಕರಿಗೆ ಹೊಸ ಸಂಗತಿಯೇ? ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದ ಅಡಿಕೆ ತೋಟ ನಮ್ಮಲ್ಲಿ ಎಷ್ಟಿವೆ? ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ಅಕ್ಷರ ಬಾರದ ಅಜ್ಜನಿಗೂ ಗೊತ್ತಿತ್ತು. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದುತ್ತಿದ್ದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಹಾಕಬೇಕೆಂದು ಅರ್ಥ. ಪಂಪಿನ ನಳಿಗೆ, ಸ್ಪ್ರೇಯರಿನ ತುದಿ ಹಿತ್ತಾಳೆಯದೇ ಆಗಬೇಕೆಂದು ಹಟ ಹಿಡಿದು ಕೊಳ್ಳುವ ನಾವು, ಅದೇ ಊರಿನ ದೇವಸ್ಥಾನದ ಹಿಂಬದಿಯಲ್ಲಿ ಕದಿನಕ್ಕೆ ಮದ್ದು ತುಂಬುವವನು ಮುರಿದ ಕಿಟಕಿಯ ಕಬ್ಬಿಣದ ಸರಳು ಹಿಡಿದುಕೊಂಡು ಕುಳಿತಿದ್ದರೆ ನೋಡಿಯೂ ನೋಡದವರಂತೆ ಹೋಗುತ್ತೇವೆ. ಅಡಿಕೆಯ ಮೇಲಿನ ಕಾಳಜಿ ಮನುಷ್ಯನ ಮೇಲೆ ಇಲ್ಲವೆಂದು ಹೇಳಿದರೆ ಕಟುವಾಗುತ್ತದೆ. ಆದರೂ ಹೇಳದೆ ಉಪಾಯವಿಲ್ಲ.

ಇನ್ನು ಕಡೆಯುವ ಕೆಲಸಕ್ಕೆ ಬರೋಣ. ನಮ್ಮ ಶಾಲೆಯಲ್ಲಿ ಕಲಿತು ಈಗ ಲೇತು ಇಟ್ಟುಕೊಂಡಿರುವ ಒಬ್ಬನ ಅಂಗಡಿಯಲ್ಲಿ ನಾನು ಹಲವು ಶನಿವಾರ ಕಳೆದಿದ್ದೇನೆ. ಹೆಚ್ಚಾಗಿ ಅವನಿಗೆ ಬರುವುದು ಪಂಪಿನ ಶಾಫ್ಟು, ರಿಕ್ಷಾದ ಬುಷ್ ಇಂಥವು. ನೋಡುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಹಿತ್ತಾಳೆಯ ಸರಳನ್ನು ಮೂರು ದವಡೆಯ ಚಕ್ಕಿನಲ್ಲಿ ಬಿಗಿಯುತ್ತಾನೆ. ಮೊದಲು ತುದಿಯನ್ನು ಸಮತಟ್ಟು ಮಾಡುತ್ತಾನೆ. ಅದಕ್ಕೆ ಫೇಸಿಂಗ್ ಎಂದು ಹೆಸರು. ಆಮೇಲೆ ಮೈ ಕಡೆಯುವುದು. ಉಕ್ಕಿಗೆ ಉಳಿಯ ಮುಖ ಸ್ವಲ್ಪ ಇಳಿಜಾರಾಗಿರಬೇಕು. ಹಿತ್ತಾಳೆಗೆ ಚಪ್ಪಟೆಯಾಗಿಯೇ ಇರಬೇಕು, ಇಲ್ಲವಾದರೆ ಉಳಿ ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ಉಕ್ಕಿನ ಸುರುಳಿ ಉದ್ದಕ್ಕೆ ಬರುತ್ತದೆ, ಹಿತ್ತಾಳೆಯದು ಚಿನ್ನದ ರವೆಯಂತೆ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ನಿಲ್ಲುವಂತಿಲ್ಲ. ಎಣ್ಣೆ ಬೇಡ. ಅಲ್ಯೂಮಿನಿಯಮ್ಮಿಗಾದರೆ ಸೀಮೆಎಣ್ಣೆ ಹನಿಸಬೇಕು, ಇಲ್ಲದಿದ್ದರೆ ಲೋಹ ಉಳಿಗೇ ಅಂಟಿಕೊಂಡು ಮೈಯೆಲ್ಲ ಒರಟಾಗುತ್ತದೆ. ತಾಮ್ರ ಎಲ್ಲಕ್ಕಿಂತ ಹಟಮಾರಿ. ಹಲಸಿನ ಮೇಣದಂತೆ ಎಳೆಯುತ್ತದೆ.

ಮದ್ದಿನ ಕೋಲಿಗೆ ಬರಿಯ ಚಂದ ಸಾಲದು. ಅಂಚಿನಲ್ಲಿ ಚೂರಿಯಂತೆ ಎದ್ದು ನಿಂತ ಸಿಬಿರು ಇರಬಾರದು, ಅದು ಕೆರೆಯುತ್ತದೆ. ಕೋಲು ಕೊಳವೆಯಲ್ಲಿ ತೀರ ಬಿಗಿಯಾದರೆ ಗೋಡೆಗೂ ಕೋಲಿಗೂ ನಡುವೆ ಮದ್ದು ಸಿಕ್ಕಿ ಅರೆಯಲ್ಪಡುತ್ತದೆ. ಸಡಿಲವಾದರೆ ಬದಿಯಿಂದ ಮೇಲಕ್ಕೆ ಹಾರುತ್ತದೆ. ಇವೆರಡರ ನಡುವಿನ ಜಾಗ ಕಣ್ಣಳತೆಗೆ ಸಿಕ್ಕುವಂಥದಲ್ಲ, ವರ್ನಿಯರ್ ಬೇಕು. ಪಾಠಪುಸ್ತಕದಲ್ಲಿ ವರ್ನಿಯರಿನ ಕನಿಷ್ಠ ಅಳತೆ 0.02 ಮಿಲಿಮೀಟರು ಎಂದು ಬಾಯಿಪಾಠ ಮಾಡಿಸಿದಾಗ ಆಕಳಿಸಿದ ಹುಡುಗನೇ ಇಲ್ಲಿ ಉಸಿರು ಬಿಗಿಹಿಡಿದು ಗೆರೆ ಎಣಿಸುತ್ತಾನೆ. ಕೋಲಿನಲ್ಲಿ ತಿರುಪಿನ ಕೂಡಿಕೆ ಇರಬಾರದು, ಏಕೆಂದರೆ ತಿರುಪಿನ ಹಲ್ಲುಗಳ ಸಂದಿಗೆ ಹೊಕ್ಕ ಮದ್ದು ಮುಂದಿನ ಸಲ ತಿರುಗಿಸುವಾಗ ಅರೆಯುತ್ತದೆ. ಎಷ್ಟು ಆಳಕ್ಕೆ ಹೋದರೆ ನಿಲ್ಲಿಸಬೇಕು ಎಂದು ಮೈಮೇಲೆ ಒಂದು ಗೆರೆ ಕೊರೆಯುವುದು ಆ ಹವ್ಯಾಸಿಗಳ ಪದ್ಧತಿ. ಬಡಿಯಲು ಮರದ ಕೊಡತಿಯೇ ಆಗಬೇಕು. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ಹಿತ್ತಾಳೆಯ ತಲೆ ಅಣಬೆಯಂತೆ ಅರಳಿ ಅಂಚು ಉದುರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಒಮ್ಮೆ ಮದ್ದು ಮುಟ್ಟಿದ ಕೋಲನ್ನು ದುರಸ್ತಿಗೆಂದು ಹಾಗೆಯೇ ಲೇತಿನ ಅಂಗಡಿಗೆ ತರಬಾರದು. ಬೆಂಕಿಗೆ ಒಡ್ಡುವುದು, ಬೆಸುಗೆ ಹಾಕುವುದು ದೂರದ ಮಾತು. ಚೆನ್ನಾಗಿ ನೀರಿನಲ್ಲಿ ತೊಳೆದು, ಉಜ್ಜಿ, ಮತ್ತೆ ತೊಳೆದು ತರಬೇಕು. ಕರಿಮದ್ದಿನ ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ, ಅಷ್ಟರಮಟ್ಟಿಗೆ ದೇವರ ದಯೆ.

ಹವ್ಯಾಸಿಗಳ ವಿಡಿಯೋ ನೋಡಿ ಕುರುಡು ಅನುಕರಣೆ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಅಮೆರಿಕದವರು ಅಲ್ಯೂಮಿನಿಯಮ್ ಕೋಲು ಬಳಸುತ್ತಾರೆ, ಹಗುರ, ಅಗ್ಗ, ಕಿಡಿಯಿಲ್ಲ, ನಾವೂ ಬಳಸೋಣ ಎಂದು ಯಾರಾದರೂ ಹೊರಡಬಹುದು. ಅವರು ಜಡಿಯುವುದು ಕಾಗದದ ಕೊಳವೆಯೊಳಗೆ. ನಮ್ಮ ಕದಿನವಾದರೋ ಕಬ್ಬಿಣದ್ದು. ಅದು ವರ್ಷದ ಹನ್ನೊಂದು ತಿಂಗಳು ದೇವಸ್ಥಾನದ ಉಗ್ರಾಣದ ಮೂಲೆಯಲ್ಲಿ ಬಿದ್ದು, ಮಳೆಗಾಲದ ತೇವ ಕುಡಿದು, ಒಳಗೂ ಹೊರಗೂ ತುಕ್ಕು ಹಿಡಿದಿರುತ್ತದೆ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಅಲ್ಯೂಮಿನಿಯಮ್ ಬಲವಾಗಿ ತಾಗಿದರೆ ಬರುವ ಕಿಡಿ ಉಕ್ಕಿನ ಕಿಡಿಗಿಂತಲೂ ಕೆಟ್ಟದ್ದು. ತುಕ್ಕಿನಲ್ಲಿರುವ ಆಮ್ಲಜನಕವನ್ನು ಅಲ್ಯೂಮಿನಿಯಮ್ ಕಿತ್ತುಕೊಳ್ಳುವಾಗ ಅಪಾರ ಶಾಖ ಹುಟ್ಟುತ್ತದೆ. ರೈಲುಕಂಬಿಗಳನ್ನು ಬೆಸೆಯಲು ಉಪಯೋಗಿಸುವ ಥರ್ಮಿಟ್ ಕ್ರಿಯೆ ಇದೇ. ಕಲ್ಲಿದ್ದಲಿನ ಗಣಿಗಳಲ್ಲಿ ಈ ಕಾರಣಕ್ಕಾಗಿಯೇ ಹಗುರ ಲೋಹದ ಸಾಮಾನುಗಳಿಗೆ ಕಟ್ಟುಪಾಡು ಇದೆ. ನಮ್ಮ ಕದಿನಕ್ಕೆ ಹಿತ್ತಾಳೆ, ತಾಮ್ರ ಅಥವಾ ಒಳ್ಳೆಯ ಮರದ ಕೋಲು ಸರಿ. ಅಲ್ಯೂಮಿನಿಯಮ್ ಸರ್ವಥಾ ಕೂಡದು. ವಿಡಿಯೋ ಕೋಲನ್ನು ತೋರಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾರಣ ಕಲಿಸುವುದಕ್ಕೆ ನಾವು, ಮಾಷ್ಟ್ರುಗಳು, ಸಂಬಳ ತೆಗೆದುಕೊಳ್ಳುತ್ತೇವೆ.

ಹಿತ್ತಾಳೆ ಎಂದಾಕ್ಷಣ ಅದೊಂದು ರಕ್ಷೆಯ ತಾಯತವೆಂದೂ ಭಾವಿಸಬಾರದು. ಮೆದು ಲೋಹದ ಮೈಯಲ್ಲಿ ಮರಳಿನ ಕಣ ಹುಗಿದು ಕೂತರೆ ಅದು ಕಬ್ಬಿಣದ ಮೇಲೆ ಉಜ್ಜಿ ಕಿಡಿ ಎಬ್ಬಿಸಬಹುದು. ಉಕ್ಕು ಕಡೆದ ಲೇತಿನಲ್ಲಿಯೇ ಹಿತ್ತಾಳೆ ಕಡೆದು ಒರಸದೆ ಕೊಟ್ಟರೆ ಉಕ್ಕಿನ ಚೂರು ಜೊತೆಗೆ ಹೋಗಬಹುದು. ಮಕರ ಮಾಸದ ಒಣ ಹವೆಯಲ್ಲಿ ನೈಲಾನ್ ಅಂಗಿ ತೊಟ್ಟು, ಪ್ಲಾಸ್ಟಿಕ್ ಡಬ್ಬದಿಂದ ಮದ್ದು ಸುರಿಯುವವನ ಮೈಯಲ್ಲಿ ಹುಟ್ಟುವ ವಿದ್ಯುತ್ತಿಗೆ ಯಾವ ಕೋಲೂ ಅಡ್ಡ ಬರುವುದಿಲ್ಲ. ಮದ್ದು ತೋಡಲು ಹಿಂದಿನವರು ಗೆರಟೆಯನ್ನೂ ಬಿದಿರನ್ನೂ ಬಳಸುತ್ತಿದ್ದುದರಲ್ಲಿ ಬಡತನದಷ್ಟೇ ವಿವೇಕವೂ ಇತ್ತು. ಆ ಗೆರಟೆಯನ್ನು ಎಸೆದು ಸ್ಟೀಲಿನ ಚಮಚ ತಂದದ್ದನ್ನು ನಾವು ಸುಧಾರಣೆ ಎಂದುಕೊಂಡೆವು.

ಇತ್ತೀಚಿನ ವರ್ಷಗಳ ಘಟನೆಗಳನ್ನು ನೆನಪು ಮಾಡಿಕೊಳ್ಳುವುದು ಹಿತವಲ್ಲ, ಆದರೆ ಅಗತ್ಯ. ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ 2016ರ ಎಪ್ರಿಲ್ 10ರಂದು ನೂರಕ್ಕೂ ಹೆಚ್ಚು ಜನ ಸತ್ತರು. 2023ರ ಜನವರಿ 2ರಂದು ಶಬರಿಮಲೆಯ ಮಾಳಿಗಪ್ಪುರದಲ್ಲಿ ಕದಿನಕ್ಕೆ ಮದ್ದು ತುಂಬುತ್ತಿರುವಾಗಲೇ ಬೆಂಕಿ ಹತ್ತಿ ಮೂವರಿಗೆ ಸುಟ್ಟ ಗಾಯಗಳಾದವು. ಚಿಕಿತ್ಸೆ ಫಲಿಸದೆ ಸಾವೂ ಸಂಭವಿಸಿತು. 2024ರ ಜನವರಿ 28ರಂದು ಗಡಿಯಾಚೆ, ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪದ ಕುಕ್ಕೇಡಿಯ ತಯಾರಿಕಾ ಘಟಕದಲ್ಲಿ ಸ್ಫೋಟವಾಗಿ ಮೂವರು ಕೆಲಸಗಾರರು ಸತ್ತರು. ಅದೇ ವರ್ಷ ಅಕ್ಟೋಬರ್ 28ರ ನಡುರಾತ್ರಿ ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ, ಅಂಞೂಟ್ಟಂಬಲಂ ವೀರರ್‌ಕಾವಿನ ಕಳಿಯಾಟದ ಹೊತ್ತಿಗೆ, ಶೇಖರಿಸಿಟ್ಟ ಪಟಾಕಿಗೆ ಕಿಡಿ ತಾಗಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರಲ್ಲಿ ಹಲವರು ಮುಂದಿನ ದಿನಗಳಲ್ಲಿ ಆಸ್ಪತ್ರೆಗಳಲ್ಲಿ ಪ್ರಾಣ ಬಿಟ್ಟರು. ತೆಯ್ಯ ನೋಡಲು ಬಂದವರು ಅವರು, ಮದ್ದು ಮುಟ್ಟಿದವರಲ್ಲ. ಅದಕ್ಕೆ ಪರವಾನಗಿಯನ್ನೇ ಪಡೆದಿರಲಿಲ್ಲ ಎಂದು ಆಗ ಜಿಲ್ಲಾಡಳಿತ ತಿಳಿಸಿತ್ತು.

ನೀಲೇಶ್ವರದಲ್ಲಿ ಹಿತ್ತಾಳೆಯ ಕೋಲು ಇದ್ದಿದ್ದರೆ ಜನ ಬದುಕುತ್ತಿದ್ದರು ಎಂದು ನಾನು ವಾದಿಸುತ್ತಿಲ್ಲ. ಅಲ್ಲಿ ಕೇಡಾದದ್ದು ಸಿಡಿಸುವ ಜಾಗದ ಹತ್ತಿರವೇ ದಾಸ್ತಾನು ಇಟ್ಟದ್ದರಿಂದ. ಆದರೆ ಎರಡಕ್ಕೂ ಮೂಲ ಒಂದೇ ಬಗೆಯ ಉದಾಸೀನ. ಕೋಲು ಯಾವ ಲೋಹದ್ದು ಎಂದು ಕೇಳುವ ಅಭ್ಯಾಸ ಇರುವ ಸಮಿತಿ, ದಾಸ್ತಾನು ಎಷ್ಟು ದೂರದಲ್ಲಿದೆ ಎಂದೂ ಕೇಳುತ್ತದೆ. ಕೇಳುವ ಅಭ್ಯಾಸವೇ ಇಲ್ಲದ ಕಡೆ ಎರಡೂ ದೇವರ ಪಾಲಿಗೆ ಬಿಡಲ್ಪಡುತ್ತವೆ. ದೇವರು ಎಲ್ಲವನ್ನೂ ನೋಡಿಕೊಳ್ಳುತ್ತಾನೆಂದು ನಂಬುವ ಸಮಿತಿಯವರು ಕಾಣಿಕೆಡಬ್ಬಿಗೆ ಮಾತ್ರ ಎರಡು ಬೀಗ ಹಾಕುತ್ತಾರೆ.

ಇಲ್ಲಿ ಇತಿಹಾಸದ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರಿನ ರಾಕೆಟ್ಟುಗಳು ಇಂಗ್ಲಿಷರನ್ನು ಕಂಗೆಡಿಸಿದವೆಂದು ಮಕ್ಕಳಿಗೆಲ್ಲ ಕಲಿಸುತ್ತೇವೆ. ಅವುಗಳ ಹೆಚ್ಚುಗಾರಿಕೆ ಮದ್ದಿನಲ್ಲಿ ಅಷ್ಟಾಗಿ ಇರಲಿಲ್ಲ. ಬಿದಿರು, ಕಾಗದಗಳ ಬದಲಿಗೆ ಕಬ್ಬಿಣದ ಕೊಳವೆ ಮಾಡಿ, ಅದನ್ನು ಒಡೆಯದಂತೆ ಮುಚ್ಚಬಲ್ಲ ಕಮ್ಮಾರರಿದ್ದರು ಎಂಬುದರಲ್ಲಿ ಇತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಅಂಥ ಸುಮಾರು ಸಾವಿರ ಕೊಳವೆಗಳು ಸಿಕ್ಕಿದವು. ಎರಡು ಶತಮಾನ ಕೆಸರಿನಲ್ಲಿ ಉಳಿದದ್ದು ಲೋಹದ ಕೆಲಸ. ಗದ್ದಲದ ಕೀರ್ತಿಯೆಲ್ಲ ಮದ್ದಿಗೆ ಹೋಗುತ್ತದೆ, ಕಮ್ಮಾರನ ಹೆಸರು ಯಾರಿಗೂ ಬೇಡ. ಈ ಅನ್ಯಾಯ ನಮ್ಮಲ್ಲಿ ಹಳೆಯದು.

ಅದೇ ಅನ್ಯಾಯ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗನ ತಂದೆ ಬಂದು "ಮಾಷ್ಟ್ರೇ, ಇವನಿಗೆ ಒಂದು ದಾರಿ ತೋರಿಸಿ" ಎನ್ನುತ್ತಾರೆ. ಐ.ಟಿ.ಐ.ಯಲ್ಲಿ ಟರ್ನರ್ ಅಥವಾ ಫಿಟ್ಟರ್ ಸೇರಿಸಿ, ಎರಡು ವರ್ಷದ ಕಲಿಕೆ, ಕೈಯಲ್ಲಿ ಕಸುಬು ನಿಲ್ಲುತ್ತದೆ ಎಂದರೆ ಮುಖ ಸಣ್ಣದಾಗುತ್ತದೆ. ಕೈ ಕಪ್ಪಾಗುವ ಕೆಲಸ ಮದುವೆಯ ಮಾರ್ಕೆಟಿನಲ್ಲಿ ನಡೆಯುವುದಿಲ್ಲವೆಂದು ತಾಯಂದಿರ ವಾದ. ಹುಡುಗ ಕಾಲೇಜಿಗೆ ಹೋಗಿ ಮೂರು ವರ್ಷ ಬೆಂಚು ಕಾಯಿಸಿ, ಜಾತ್ರೆ ಬಂದಾಗ ಬೆಡಿಯವನ ಹಿಂದೆ ಮದ್ದಿನ ಡಬ್ಬ ಹೊತ್ತು ತಿರುಗುತ್ತಾನೆ. ಆಗ ಅವನ ಕೈ ಕಪ್ಪಾಗುವುದು ಯಾರಿಗೂ ಕಾಣುವುದಿಲ್ಲ.

ಸೇರಿದವರ ಕಷ್ಟ ಬೇರೆ. ಪಾಠ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಮೊದಲ ಆರು ತಿಂಗಳು ನಮ್ಮ ಮಕ್ಕಳು ಕಣ್ಣಿನಿಂದ ಕಲಿಯುತ್ತಾರೆಯೇ ಹೊರತು ಕಿವಿಯಿಂದ ಅಲ್ಲ. ಸಾಣೆಚಕ್ರದ ಪಕ್ಕದಲ್ಲಿರುವ ಎಚ್ಚರಿಕೆಯ ಫಲಕವನ್ನು ಓದಲಾಗದ ಹುಡುಗನ ಬೆರಳಿಗೆ ಭಾಷಾ ಅಲ್ಪಸಂಖ್ಯಾತ ಎಂಬ ರಿಯಾಯತಿ ಚಕ್ರ ಕೊಡುವುದಿಲ್ಲ. 1956ರ ನವೆಂಬರ್ 1ರಿಂದ ಈಚೆಗೆ ನಾವು ಮನವಿಗಳನ್ನು ಬರೆಯುತ್ತಲೇ ಬಂದಿದ್ದೇವೆ; ಬಸ್ಸಿನ ಬೋರ್ಡಿಗೆ, ಪ್ರಶ್ನೆಪತ್ರಿಕೆಗೆ, ಕಚೇರಿಯ ಅರ್ಜಿಗೆ. ಅವೆಲ್ಲ ನ್ಯಾಯವೇ. ಆದರೆ ಅಪಾಯದ ಫಲಕ ಕನ್ನಡದಲ್ಲಿಯೂ ಇರಲಿ ಎಂಬ ಬೇಡಿಕೆಯನ್ನು ಯಾರಾದರೂ ಮೊದಲನೆಯ ಸಾಲಿನಲ್ಲಿ ಬರೆದದ್ದನ್ನು ನಾನು ಕಂಡಿಲ್ಲ. ದೇವಸ್ಥಾನದ ಮದ್ದಿನ ಶೆಡ್ಡಿಗೂ ಇದು ಅನ್ವಯ. ಅಲ್ಲಿ ಕೆಲಸ ಮಾಡುವವರಲ್ಲಿ ತುಳು ಮಾತಾಡುವವರಿದ್ದಾರೆ, ಕನ್ನಡದವರಿದ್ದಾರೆ, ಮಲಯಾಳದವರಿದ್ದಾರೆ. ನಿಯಮ ಮಾತ್ರ ಯಾರ ಮನೆಯಲ್ಲೂ ಮಾತಾಡದ ಭಾಷೆಯಲ್ಲಿ ಫೈಲಿನೊಳಗೆ ಮಲಗಿದೆ. ಸರಕಾರ ಫಲಕ ಕೊಡುವವರೆಗೆ ಕಾಯಬೇಕಾದ್ದೂ ಇಲ್ಲ. ಶಾಲೆಯ ಮಕ್ಕಳ ಕೈಯಿಂದ ಎರಡು ಲಿಪಿಗಳಲ್ಲಿ ಒಂದು ಹಲಗೆ ಬರೆಸಲು ಎಷ್ಟು ಬಣ್ಣ ಬೇಕು? ಕಬ್ಬಿಣ ಒಳಗೆ ತರಬಾರದು, ಫೋನು ತರಬಾರದು, ಬೀಡಿ ತರಬಾರದು, ಒಂದು ಹೊತ್ತಿಗೆ ಇಷ್ಟೇ ಜನ.

ಈ ವಿಷಯವನ್ನು ಕೆಲವು ಹಿರಿಯರೊಡನೆ ಪ್ರಸ್ತಾಪಿಸಿದಾಗ ಎರಡು ಆಕ್ಷೇಪಗಳು ಬಂದವು. ಸರಳು ಕಬ್ಬಿಣದ್ದಾದರೂ ತಲೆಮಾರುಗಳಿಂದ ಏನೂ ಆಗಿಲ್ಲವಲ್ಲ ಎಂಬುದು ಮೊದಲನೆಯದು. ಏನೂ ಆಗದವರು ಮಾತ್ರ ಹೀಗೆ ಹೇಳಲು ಉಳಿದಿರುತ್ತಾರೆ ಎಂಬುದಷ್ಟೇ ನನ್ನ ಉತ್ತರ. ಎರಡನೆಯದು ಸ್ವಲ್ಪ ತೂಕದ್ದು. ಹುಡುಗರಿಗೆ ಮದ್ದಿನ ಸಾಮಾನು ಮಾಡಲು ಕಲಿಸಿದರೆ ನಾಳೆ ಮದ್ದನ್ನೇ ಮಾಡಲು ಹೊರಡುವುದಿಲ್ಲವೇ? ಹೊರಡುವವನು ಕಲಿಸದಿದ್ದರೂ ಹೊರಡುತ್ತಾನೆ, ಆಗ ಅವನ ಕೈಯಲ್ಲಿ ಕಬ್ಬಿಣದ ಸರಳೇ ಇರುತ್ತದೆ. ಒಂದು ಕೋಲನ್ನು ಅಳತೆಗೆ ಸರಿಯಾಗಿ ಕಡೆಯಲು ಮೂರು ಸಲ ಸೋತವನಿಗೆ, ಅದು ಏಕೆ ಅಷ್ಟು ಸರಿಯಾಗಿರಬೇಕು ಎಂದು ಕೇಳಿ ತಿಳಿದವನಿಗೆ, ಮದ್ದಿನ ಬಗ್ಗೆ ಭಯ ಹುಟ್ಟುತ್ತದೆ. ನಾನು ನೋಡಿದ ಹುಡುಗರಲ್ಲಿ ಹಾಗೆಯೇ ಆಗಿದೆ. ಅವರ ಆಸಕ್ತಿ ನಿಧಾನವಾಗಿ ಲೇತಿನ ಕಡೆಗೆ ಜಾರುತ್ತದೆ. ಹಾಗೆ ಆಗದವರೂ ಇರಬಹುದು. ಅಂಥವರ ಮೇಲೆ ಮನೆಯವರ ಕಣ್ಣಿರಬೇಕು.

ಹಿತ್ತಾಳೆ ದುಬಾರಿ ಎಂಬ ಗೊಣಗಾಟವೂ ಇದೆ. ಕಬ್ಬಿಣದ ಎಷ್ಟೋ ಪಾಲು ಕ್ರಯ ಎಂಬುದು ನಿಜ. ಆದರೆ ಒಂದು ಕದಿನದ ಕೋಲಿಗೆ ಎಷ್ಟು ಹಿತ್ತಾಳೆ ಬೇಕು? ಒಂದು ಗುಂಪು ಸಿಡಿಮದ್ದು ಕಡಿಮೆ ಹಚ್ಚಿದರೆ ಸರಳಿನ ಕ್ರಯವೂ ಲೇತಿನ ಮಜೂರಿಯೂ ಹುಟ್ಟುತ್ತದೆ, ಕೋಲು ನಮ್ಮ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ. ಸವೆದರೆ ಹಿತ್ತಾಳೆ ಮತ್ತೆ ತೂಕಕ್ಕೆ ಮಾರಾಟವಾಗುತ್ತದೆ. ಪಂಚಲೋಹದ ಬಲಿಮೂರ್ತಿಗೆ, ಬೆಳ್ಳಿಯ ಪ್ರಭಾವಳಿಗೆ ಚಂದಾ ಎತ್ತುವ ನಮ್ಮವರಿಗೆ ಇದು ದೊಡ್ಡ ಮೊತ್ತವಲ್ಲ.

ಜಾತ್ರೆಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಎಲ್ಲ ಊರುಗಳಲ್ಲಿಯೂ ಸಮಿತಿಯ ಸಭೆ ಇರುತ್ತದೆ, ಅಂದಾಜುಪಟ್ಟಿ ಓದುತ್ತಾರೆ. ಬೆಡಿಯ ಬಾಬತ್ತು ಬಂದಾಗ ಯಾರಾದರೊಬ್ಬರು ಎದ್ದು ನಿಂತು, ಪರವಾನಗಿಯ ಪ್ರತಿ ತೋರಿಸಿ ಎನ್ನಲಿ, ಕದಿನಗಳ ತುಕ್ಕು ಯಾವಾಗ ತೆಗೆಸುತ್ತೀರಿ ಎಂದು ಕೇಳಲಿ, ಅದೇ ಬಾಬತ್ತಿನ ಕೆಳಗೆ ಹಿತ್ತಾಳೆಯ ಕೋಲು ಎರಡು, ಮರದ ಕೊಡತಿ ಒಂದು ಎಂದು ಬರೆಯಿಸಲಿ. ಕಡೆದು ಕೊಡುವ ಕೆಲಸಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ಅದೇ ಊರಿನಲ್ಲಿ ಹತ್ತನೆಯ ತರಗತಿಯಲ್ಲಿ ಎರಡು ವಿಷಯಗಳಲ್ಲಿ ನಪಾಸಾಗಿ, ಲೇತಿನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ಅಳತೆ ಕೊಟ್ಟು, ಮಜೂರಿಯನ್ನು ಕೈಯಲ್ಲೇ ಕೊಡಲಿ.